ಈರಣ್ಣನ ಬಾಲ

ಈರಣ್ಣ ಬಡಿಗೇರನ ಹತ್ತಿರ ವಿಮಾನ ಇರಲಿಲ್ಲ. ಬಾಲ ಇತ್ತು. ಆಂಟಾಪ್ ಹಿಲ್ ಚಾಳಿನ ಎರಡನೆಯ ಮಾಳಿಗೆಯಲ್ಲಿ, ಅಡಿಗೆ, ನಿದ್ದೆ, ಜಗಳ ಎಲ್ಲ ಒಂದರಲ್ಲೇ ನಡೆಯುತ್ತಿದ್ದ ಅವನ ಖೋಲಿಯಲ್ಲಿ, ಎರಡು ಟ್ರಂಕುಗಳ ಮೇಲೆ ಅದು ಅಡ್ಡಕ್ಕೆ ಮಲಗಿತ್ತು. ಆ ಮನೆಯಲ್ಲಿ ಮೈ ಚಾಚಿ ಮಲಗುತ್ತಿದ್ದದ್ದು ಅದೊಂದೇ. ಹೆಂಡತಿ ಮಲ್ಲವ್ವ ಬಾಗಿಲ ಬಳಿ ಮುದುಡಿಕೊಳ್ಳುತ್ತಿದ್ದಳು, ಅತ್ತೆ ರುದ್ರವ್ವ ಅಡಿಗೆಯ ಮೂಲೆಯಲ್ಲಿ. ಈರಣ್ಣ ಬಾಲದ ಕೆಳಗೆ, ಟ್ರಂಕುಗಳ ನಡುವೆ ನುಸುಳಿ ಮಲಗುತ್ತಿದ್ದ. ಈ ಭಾನುವಾರ ಎದ್ದಾಗ ಅವನ ಮೂಗಿನಿಂದ ಒಂದು ಗೇಣು ಮೇಲೆ, ತಮಟೆಯ ಚರ್ಮದಂತೆ ಬಿಗಿದ ಬಿಳಿ ಬಟ್ಟೆ ಇತ್ತು. ಕಿಟಕಿಯ ಬೆಳಕು ಬಿದ್ದು ಅದರೊಳಗಿನ ಕಟ್ಟಿಗೆಯ ಪಕ್ಕೆಲುಬುಗಳ ನೆರಳು ಕಾಣುತ್ತಿತ್ತು. ಮೂರನೆಯ ಪಕ್ಕೆಲುಬನ್ನು ನೋಡಬಾರದು ಎಂದು ನಿಶ್ಚಯ ಮಾಡಿಕೊಂಡೇ ರಾತ್ರಿ ಮಲಗಿದ್ದ. ಕಣ್ಣು ಬಿಟ್ಟ ಕೂಡಲೆ ಅದನ್ನೇ ನೋಡಿದ.

ಇವತ್ತು ಆ ಬಾಲದ ಒಡೆಯರು, ಅವನ ಕಚೇರಿಯ ಕುಟಿನ್ಹೊ ಸಾಹೇಬರು, ಬಾಂದ್ರಾದಿಂದ ಬರುವವರಿದ್ದರು. ಒಬ್ಬರೇ ಅಲ್ಲ, ಜೊತೆಗೆ ವಿಮಾನ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರನನ್ನೂ ಕರೆತರುವವರಿದ್ದರು. ಬಟ್ಟೆ ಹೊದಿಸುವ ಮೊದಲು ಒಳಗಿನ ಕಟ್ಟಿಗೆಯನ್ನು ಇನ್ಸ್‌ಪೆಕ್ಟರನಿಗೆ ತೋರಿಸಬೇಕಿತ್ತಂತೆ. ಈರಣ್ಣ ಅವಸರ ಮಾಡಿ ಹೊದಿಸಿಬಿಟ್ಟಿದ್ದ. ಅದನ್ನು ಕೇಳಿ ಸಾಹೇಬರು ಸಿಟ್ಟು ಮಾಡಲಿಲ್ಲ. "ಕೋಯಿ ಬಾತ್ ನಹೀಂ. ಅವನು ಎಲ್ಲಾದರೂ ಒಂದು ಕಡೆ ಬಟ್ಟೆ ಕೊಯ್ದು ಒಳಗೆ ನೋಡುತ್ತಾನೆ, ಆಮೇಲೆ ತೇಪೆ ಹಾಕಿದರಾಯಿತು" ಎಂದಿದ್ದರು. ಎಲ್ಲಾದರೂ ಒಂದು ಕಡೆ ಎಂಬ ಮಾತು ನಾಲ್ಕು ದಿನದಿಂದ ಈರಣ್ಣನ ಹೊಟ್ಟೆಯಲ್ಲಿ ಹಸಿ ಹಿಟ್ಟಿನ ಹಾಗೆ ಕುಳಿತಿತ್ತು. ಮನುಷ್ಯನಾದವನು ಎಲ್ಲಾದರೂ ಒಂದು ಕಡೆ ಕೊಯ್ಯುವುದಾದರೆ ಎಲ್ಲಿ ಕೊಯ್ಯುತ್ತಾನೆ? ಬಿಳಿ ಬಟ್ಟೆಯ ಮೇಲೆ ಇದ್ದಕ್ಕಿದ್ದ ಹಾಗೆ ಒಂದು ಕೆಂಪು ಹೂವು ಇದ್ದರೆ, ಅಲ್ಲೇ.

ಅವನನ್ನು ಈ ಪರಿಸ್ಥಿತಿಗೆ ತಂದದ್ದು ಅವನ ಅಡ್ಡಹೆಸರು. ಬಂದರಿನ ಹತ್ತಿರದ ಒಂದು ಹಡಗು ಸರಕಿನ ಕಚೇರಿಯಲ್ಲಿ ಅವನು ಗುಮಾಸ್ತ, ಸಾಹೇಬರು ಅಲ್ಲಿಯ ಮುಖ್ಯಸ್ಥರು. ಒಂದು ದಿನ ಅವನ ಹೆಸರನ್ನು ಓದಲು ಹೋಗಿ, "ಏನಯ್ಯ ಇದು, ಬ್ಯಾಡಿಗರ್?" ಎಂದಿದ್ದರು. ಇಡೀ ಕಚೇರಿ ನಕ್ಕಿತು. ಜವಾನ ಕೂಡ ಚಹದ ಕಪ್ಪು ಕೆಳಗಿಟ್ಟು ನಕ್ಕ. ಸುಮ್ಮನಿದ್ದಿದ್ದರೆ ನಗು ತಾನಾಗಿಯೇ ಒಣಗುತ್ತಿತ್ತು. ಆದರೆ ಅವಮಾನವಾದಾಗ ಈರಣ್ಣನಿಗೆ ಬಾಯಿಯ ಮೇಲೆ ಹಿಡಿತ ಇರುತ್ತಿರಲಿಲ್ಲ. "ಬಡಿಗೇರ ಮೀನ್ಸ್ ಕಾರ್ಪೆಂಟರ್, ಸರ್" ಎಂದುಬಿಟ್ಟ. ಸಾಹೇಬರ ಮುಖದಲ್ಲಿ ನಗು ನಿಂತಿತು, ಬೇರೆ ಏನೋ ಹುಟ್ಟಿತು. ಮಾರನೆಯ ದಿನ ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿಕೊಂಡರು. ಸಾಹೇಬರು ಮದುವೆಯಾಗಿರಲಿಲ್ಲ. ಅದರ ಬದಲು ಇಂಗ್ಲೆಂಡಿನಿಂದ ಒಂದು ವಿಮಾನ ತರಿಸಿದ್ದರು. ಅದು ಬಿಡಿಬಿಡಿಯಾಗಿ, ಪೆಟ್ಟಿಗೆಗಳಲ್ಲಿ ಬಂದಿತ್ತು. ಕಟ್ಟಿಗೆ, ಬಟ್ಟೆ, ಮೊಳೆ ಎಲ್ಲ ಕೊಟ್ಟಿರುತ್ತಾರೆ, ಕೊಂಡವನೇ ಮನೆಯಲ್ಲಿ ಜೋಡಿಸಿಕೊಳ್ಳಬೇಕು. ರೆಕ್ಕೆಗಳನ್ನು ಅವರು ತಮ್ಮ ಗ್ಯಾರೇಜಿನಲ್ಲಿ ಮಾಡುತ್ತಿದ್ದರು, ಬಾಲಕ್ಕೆ ಜಾಗವಿರಲಿಲ್ಲ. "ನೀನು ಹುಟ್ಟು ಬಡಗಿ. ರಕ್ತದಲ್ಲೇ ಇರುತ್ತದೆ" ಎಂದರು.

ರಕ್ತದಲ್ಲಿ ಏನಿತ್ತೋ, ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಸವದತ್ತಿ ಕಡೆಯ ಹಳ್ಳಿಯಲ್ಲಿ ಅಪ್ಪ ಚಕ್ಕಡಿ ಮಾಡುತ್ತಿದ್ದದ್ದು ನಿಜ. ಮಗ ಬಾಚಿ ಮುಟ್ಟಿದರೆ ಅದೇ ಬಾಚಿಯ ಕಾವಿನಿಂದ ಹೊಡೆಯುತ್ತಿದ್ದದ್ದೂ ನಿಜ. ಓದಿ ಕುರ್ಚಿಯ ಮೇಲೆ ಕೂಡು, ಕುರ್ಚಿ ಮಾಡಬ್ಯಾಡ ಎನ್ನುತ್ತಿದ್ದ. ಈರಣ್ಣ ಓದಿ ಕುರ್ಚಿಯ ಮೇಲೆ ಕುಳಿತ. ಅದರ ಒಂದು ಕಾಲು ಗಿಡ್ಡ ಇತ್ತು, ಎಂಟು ವರ್ಷದಿಂದ ಅದಕ್ಕೆ ಕಾಗದ ಮಡಚಿ ಇಡುತ್ತಿದ್ದನೇ ಹೊರತು ಸರಿ ಮಾಡಲು ಬಂದಿರಲಿಲ್ಲ. ಇಂಥವನು ಪೆಟ್ಟಿಗೆಯನ್ನು ಮನೆಗೆ ತಂದ. ಧಾರಾವಿಯಲ್ಲಿ ಹಳೆಯ ಉಳಿ, ಗರಗಸ ಕೊಂಡ. ಆಮೇಲೆ ಅವನಿಗೇ ಅರ್ಥವಾಗದ ಹಾಗೆ ಕೆಲಸ ನಡೆಯಿತು. ನಕ್ಷೆಯಲ್ಲಿ ಹೇಳಿದ ಕಡೆ ಕೊಯ್ದ, ಹೇಳಿದ ಕಡೆ ಅಂಟು ಹಚ್ಚಿದ. ಪಕ್ಕೆಲುಬುಗಳು ಸಾಲಾಗಿ ನಿಂತವು. ಅಂಟಿದ ತುಂಡು ಒತ್ತಿ ಹಿಡಿಯುವ ಶಿಕಂಜಾ ಸಾಲದೆ ಬಂದಾಗ ಮಲ್ಲವ್ವ ಲಟ್ಟಣಿಗೆ, ಒಳಕಲ್ಲು, ಜೋಳದ ಡಬ್ಬಿ ಎಲ್ಲ ತಂದು ಅದರ ಮೇಲೆ ಹೇರಿದಳು. ಬಟ್ಟೆ ಹೊದಿಸುವಾಗ ಹೊಲಿದವಳೂ ಅವಳೇ. ಊರಲ್ಲಿ ಕೌದಿ ಹೊಲಿಯುವ ಹೊಲಿಗೆಯನ್ನೇ ಹಾಕಿದಳು. ಸಾಹೇಬರು ಒಂದು ಸಲ ಬಂದವರು ಅದನ್ನು ಬೆರಳಿನಿಂದ ಸವರಿ, ಇಂಗ್ಲೆಂಡಿನಲ್ಲೂ ಇಂಥ ಹೊಲಿಗೆ ಹಾಕುವುದಿಲ್ಲ ಎಂದರು. ಮಲ್ಲವ್ವನಿಗೆ ಅದನ್ನು ಹೇಳಿದಾಗ, "ಅಲ್ಲಿ ಕೌದಿ ಹೊಚ್ಚಗೊಳ್ಳಂಗಿಲ್ಲೇನ್ರಿ? ಥಂಡಿ ಭಾಳ ಅಂತಾರ" ಎಂದಳು.

ಆ ದಿನಗಳಲ್ಲಿ ಅವನು ಸುಖವಾಗಿದ್ದ. ಇದು ನೆನಪಾದರೆ ಈಗ ನಾಚಿಕೆಯಾಗುತ್ತಿತ್ತು. ಕೆಲಸ ಮುಗಿಸಿ ಲೋಕಲ್‌ನಿಂದ ಇಳಿದು ಬರುವಾಗ ಕಾಲುಗಳು ತಾವಾಗಿಯೇ ಬಿರುಸಾಗುತ್ತಿದ್ದವು. ಯಾರೋ ಕಾಯುತ್ತಿದ್ದಾರೆ ಎನ್ನಿಸುತ್ತಿತ್ತು. ಕಾಯುತ್ತಿದ್ದದ್ದು ಬಾಲ. ಇಡೀ ಚಾಳಿಗೆ ಅದು ಗೊತ್ತಾಗಿ ಹೋಗಿತ್ತು. ಪಕ್ಕದ ಖೋಲಿಯ ಸದಾನಂದ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂಡುವವನು. ದಿನಾ ಒಂದು ಸಲ ಬಾಗಿಲಲ್ಲಿ ನಿಂತು, "ಎಂತ ಬಡಿಗೇರ್ರೆ, ಬಾಲ ಬಂತು, ಮಂಗ ಯಾವಾಗ ಬರುವುದು?" ಎಂದು ಕೇಳುತ್ತಿದ್ದ. ಬೆಳಗಾವಿ, ಧಾರವಾಡ ಎಲ್ಲ ಮೈಸೂರಿಗೆ ಸೇರುವ ಸುದ್ದಿ ಪೇಪರಿನಲ್ಲಿ ಬಂದ ದಿನ, "ನಿಮ್ಮ ಊರೇ ಎದ್ದು ಮೈಸೂರಿಗೆ ಹೋಯ್ತು ಮಾರಾಯ್ರೆ. ಮುಂಬಯಿಯಲ್ಲಿ ಉಳಿದದ್ದು ಬಾಲ ಒಂದೇ" ಎಂದಿದ್ದ.

ಬಟ್ಟೆ ಹೊದಿಸಿದ ಮೇಲೆ ಅದು ಬಿಗಿಯಾಗಲು ಒಂದು ದ್ರಾವಣ ಬಳಿಯಬೇಕು. ಅದರ ಹೆಸರು ಡೋಪು. ಒಟ್ಟು ನಾಲ್ಕು ಸಲ ಬಳಿಯಬೇಕು. ಸಾಹೇಬರು ಡಬ್ಬಿ ಕೊಡುವಾಗ ಮೂರು ಸಲ ಎಚ್ಚರಿಕೆ ಹೇಳಿದ್ದರು: ಇದು ಸಿಡಿಮದ್ದಿನ ಹಾಗೆ, ಹಸಿ ಇದ್ದರೂ ಹತ್ತುತ್ತದೆ, ಒಣಗಿದರೂ ಹತ್ತುತ್ತದೆ, ಬೀಡಿ ಹಚ್ಚಿದವನನ್ನು ಖೋಲಿಯ ಹತ್ತಿರ ಬಿಡಬೇಡ. ಅದಕ್ಕಾಗಿ ಈರಣ್ಣ ಡಬ್ಬಿಯನ್ನು ಗ್ಯಾಲರಿಯಲ್ಲಿಟ್ಟಿದ್ದ, ಇದ್ದಲಿನ ಶೇಗಡಿಯನ್ನು ಗ್ಯಾಲರಿಯ ಇನ್ನೊಂದು ತುದಿಗೆ ಒಯ್ದು ಇಡಿಸಿದ್ದ. ಡೋಪಿನ ವಾಸನೆ ಕೊಳೆತ ಬಾಳೆಹಣ್ಣಿನದು. ಪಾನನಿಷೇಧದ ಮುಂಬಯಿಯಲ್ಲಿ ಆ ವಾಸನೆ ಬಂದರೆ ಜನ ಒಂದೇ ಅರ್ಥ ಮಾಡುತ್ತಾರೆ. ಮೊದಲ ಸಲ ಬಳಿದ ದಿನವೇ ಒಬ್ಬ ಹವಾಲ್ದಾರ ಮೂಗು ಮುಂದೆ ಮಾಡಿಕೊಂಡು ಜಿನೆಯ ಮೆಟ್ಟಿಲು ಹತ್ತಿ ಬಂದಿದ್ದ. ಬಾಲ ನೋಡಿದ, ಡಬ್ಬಿ ಮೂಸಿದ, "ಕ್ಯಾ ಬನಾತಾ ಹೈ?" ಎಂದ. "ವಿಮಾನ" ಎಂದ ಈರಣ್ಣ. ಹವಾಲ್ದಾರ ಅವನ ಬಾಯಿಯನ್ನೂ ಮೂಸಿ ನೋಡಿ ಹೋದ.

ಎರಡನೆಯ ಸಲ ಬಳಿದ ದಿನ ಮಲ್ಲವ್ವ ಕೇಳಿದ್ದಳು, ಇನ್ನ ಎಷ್ಟ ಸಲ ಈ ನಾತ? "ನಾಕ ಸಲ ಡೋಪ್ ಕೊಡಬೇಕು. ಎರಡ ಆದೂ. ಇನ್ನೆರಡ ಕೊಡದನಽ ಮ್ಯಾಲೆ ಒಯ್ಯಂಗಿಲ್ಲ" ಎಂದಿದ್ದ ಈರಣ್ಣ. ಅಡಿಗೆಯ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ರುದ್ರವ್ವ ತಲೆ ಎತ್ತಿ ಅವನನ್ನು ಮೆಚ್ಚಿಕೆಯಿಂದ ನೋಡಿದ್ದಳು. ಅವಳು ಹೆಂಡತಿಯ ತಾಯಿ ಮಾತ್ರವಲ್ಲ, ಅವನ ಅಪ್ಪನ ತಂಗಿ. ಹುಟ್ಟಿದ್ದೂ ಬಡಿಗೇರ ಮನೆ, ಕೊಟ್ಟದ್ದೂ ಬಡಿಗೇರ ಮನೆ. ಮುಂಬಯಿಗೆ ಬಂದು ಮೂರು ತಿಂಗಳಾಗಿತ್ತು. ಆ ಮೂರು ತಿಂಗಳಲ್ಲಿ ಅವಳು ಅವನನ್ನು ಮೆಚ್ಚಿಕೆಯಿಂದ ನೋಡಿದ್ದು ಅದೊಂದೇ ಸಲ. ಯಾಕೆ ಎಂದು ಅವನು ಯೋಚಿಸಲಿಲ್ಲ. ಮೆಚ್ಚುಗೆ ಬಂದಾಗ ಯಾಕೆ ಎಂದು ಕೇಳುವ ಅಭ್ಯಾಸ ಅವನಿಗಿರಲಿಲ್ಲ, ಅದು ಬಂದದ್ದೇ ಕಡಿಮೆ.

ಈರಣ್ಣ ಬಾಲದ ಕೆಳಗಿನಿಂದ ತೆವಳಿ ಹೊರಬಂದ. ಮಲ್ಲವ್ವ ಕನ್ನಡಿಯ ಮುಂದೆ ಕುಂಕುಮ ಹಚ್ಚಿಕೊಳ್ಳುತ್ತಿದ್ದಳು. ಸಾಹೇಬರಿಗೆ ಇರಾಣಿಯ ಅಂಗಡಿಯ ಖಾರಿ ಬಿಸ್ಕೀಟು ತರಲು ಹೋಗಬೇಕಿತ್ತು.

"ಇನ್ಸ್‌ಪೆಕ್ಟರ್ ಅಂದ್ರ ಪೋಲೀಸೇನ್ರಿ?"

"ಅಲ್ಲ. ಬರೇ ನೋಡಾಂವ."

"ನೋಡಿ ಏನ ಮಾಡತಾನ?"

"ಏನೂ ಮಾಡಂಗಿಲ್ಲ. ನೀ ಹೋಗಿ ಬಾ ಮೊದಲ."

"ಚಲೋ ಅಂದ್ರ ನೀವು ಸಾಹೇಬರ ಹಿಂದ ಕುಂತು ಹಾರತೀರಲ್ಲ?"

ಅವಳು ಚೀಲ ಹಿಡಿದು ಹೋದಳು. ಹಾರುವುದು. ಆ ವಿಮಾನದಲ್ಲಿ ಎರಡೇ ಸೀಟು, ಒಂದರ ಹಿಂದೆ ಒಂದು. ಬಾಲ ಮಾಡಿದವನು ಬಾಲದ ಕಡೆ ಕೂಡಬೇಕು, ಅದು ನ್ಯಾಯ ಎಂದು ಸಾಹೇಬರು ಕಚೇರಿಯ ಎಲ್ಲರ ಮುಂದೆ ಹೇಳಿದ್ದರು. ಜವಾನ ಅವತ್ತು ಅವನಿಗೆ ಮೊದಲು ಚಹ ಕೊಟ್ಟ. ಊರಿಗೂ ಸುದ್ದಿ ಮುಟ್ಟಿತು. ಅಲ್ಲಿ ಅವನು ಆಗಲೇ ಹಾರಿ ಬಂದಿದ್ದಾನೆಂದು ಹಬ್ಬಿತ್ತಂತೆ. ಈರಣ್ಣನಿಗೆ ಗ್ಯಾಲರಿಯ ಕಟಾಂಜನದ ಮೇಲೆ ಬಾಗಿ ಕೆಳಗೆ ನೋಡಿದರೂ ಅಂಗಾಲು ಜುಮ್ಮೆನ್ನುತ್ತಿತ್ತು. ಆದರೂ ಹಾರುವ ದಿನ ದೂರ ಇದ್ದಾಗ ಅದೊಂದು ಸುಖದ ವಿಷಯವಾಗಿತ್ತು, ಸ್ವರ್ಗದ ಹಾಗೆ. ಬಾಲ ಮುಗಿಯುತ್ತ ಬಂದ ಹಾಗೆ ಅವನಿಗೆ ಒಂದು ಸರಳ ಸಂಗತಿ ಹೊಳೆಯಿತು. ಮೇಲೆ ಹೋದ ಮೇಲೆ ಅವನ ಕೆಳಗೆ ಏನೂ ಇರುವುದಿಲ್ಲ. ಹಿಂದೆ ಅವನೇ ಮಾಡಿದ ಬಾಲ ಇರುತ್ತದೆ.

ಹಾಗೆ ಹೊಳೆದ ಮಧ್ಯಾಹ್ನವೇ ಅವನು ಆ ಕೆಲಸ ಮಾಡಿದ್ದು. ಇನ್ನೂ ಬಟ್ಟೆ ಹೊದಿಸಿರಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ, ತಾಯಿ ಮಗಳು ದಾದರಿಗೆ ಸೀರೆ ನೋಡಲು ಹೋಗಿದ್ದರು. ಒಂದೇ ಸಲ ಕುಳಿತು ನೋಡಿದರೆ ಭಯ ಹೋಗಬಹುದು ಎನ್ನಿಸಿತು. ಬಾಗಿಲು ಹಾಕಿದ. ಪಂಚೆ ಎತ್ತಿ ಕಟ್ಟಿದ. ಟ್ರಂಕುಗಳ ಮೇಲಿನ ಬಾಲದ ಮೇಲೆ, ಊರಲ್ಲಿ ಎಮ್ಮೆಯ ಮೇಲೆ ಕೂಡುವ ಹಾಗೆ, ಎರಡೂ ಕಡೆ ಕಾಲು ಬಿಟ್ಟು ಕುಳಿತ. ತಾಳಿತು. ಕಣ್ಣು ಮುಚ್ಚಿದ. ಬಾಯಿಯಿಂದ ಸಣ್ಣಗೆ ಗುರ್ ಎಂದ. ಮೂವತ್ತಾರು ವರ್ಷದ ಮನುಷ್ಯ, ಮ್ಯಾಟ್ರಿಕ್ ಪಾಸಾದವನು, ಗುರ್ ಎಂದ. ಹೆದರಿಕೆ ಆಗಲಿಲ್ಲ, ಹಿತವೆನಿಸಿತು. ಧೈರ್ಯ ಬಂದು ಜುಹುವಿನ ಸಮುದ್ರದ ಮೇಲೆ ಎಡಕ್ಕೆ ತಿರುಗಿದ. ತಿರುಗುವಾಗ ಮೈಯನ್ನೂ ಎಡಕ್ಕೆ ವಾಲಿಸಿದ. ಕಟ್ ಎಂದಿತು. ಆ ಸದ್ದು ಕಟ್ಟಿಗೆಯದೋ ಅವನ ಸೊಂಟದ್ದೋ ಎಂದು ಒಂದು ಕ್ಷಣ ಆಸೆಯಿಂದ ಕಾದ. ಸೊಂಟ ಸರಿಯಾಗಿತ್ತು.

ಅಪ್ಪ ಏನು ಮಾಡುತ್ತಿದ್ದ ಎಂಬುದು ಅವನಿಗೆ ಗೊತ್ತಿತ್ತು. ಕಲಿತ ವಿದ್ಯೆ ಅದೊಂದೇ. ಚಕ್ಕಡಿಯ ಕಟ್ಟಿಗೆಯಲ್ಲಿ ಬಿರುಕು ಕಂಡರೆ ಅಪ್ಪ ಮೇಣಕ್ಕೆ ಕಟ್ಟಿಗೆಯ ಹಿಟ್ಟು ಕಲಸಿ ಮೆತ್ತುತ್ತಿದ್ದ, ಅದರ ಮೇಲೆ ಕೆಂಪು ಬಣ್ಣದಲ್ಲಿ ಒಂದು ಹೂವು ಬರೆಯುತ್ತಿದ್ದ. ಕೊಂಡವನು ಹೂವು ನೋಡಿ ಖುಷಿಪಡುತ್ತಿದ್ದ. ಹೂವಿದ್ದಲ್ಲಿ ಕೈಯಿಟ್ಟು ನೋಡಬ್ಯಾಡ ಎಂಬುದು ಅವರ ಮನೆಯಲ್ಲಿ ಮಾತ್ರ ಓಡಾಡುತ್ತಿದ್ದ ಮಾತು. ಆದರೆ ಚಕ್ಕಡಿ ಮುರಿದರೆ ಮನುಷ್ಯ ಮೊದಲೇ ಇದ್ದಲ್ಲಿಗೆ ಬೀಳುತ್ತಾನೆ, ನೆಲಕ್ಕೆ. ಈರಣ್ಣ ಮೂರನೆಯ ಪಕ್ಕೆಲುಬಿಗೆ ಅಂಟು ಸುರಿದ, ದಾರ ಸುತ್ತಿದ, ಅವತ್ತೇ ಬಟ್ಟೆ ಹೊದಿಸಲು ಮಲ್ಲವ್ವನನ್ನು ಅವಸರಪಡಿಸಿದ. ಎರಡು ಸಲ ಡೋಪು ಬಳಿದ ಮೇಲೂ ಬೆಳಕಿಗೆ ಅಲ್ಲೊಂದು ಗಂಟು ಕಾಣುತ್ತಿತ್ತು. ಕೈ ತಾನಾಗಿಯೇ ಕೆಂಪು ಬಣ್ಣದ ಕಡೆ ಹೋಯಿತು. ಆರು ಎಸಳಿನ ಹೂವು. ಸಾಹೇಬರು ಕೇಳಿದಾಗ, ನಮ್ಮ ಕಡೆಯ ಪದ್ಧತಿ ಸರ್ ಎಂದ. ಸಾಹೇಬರು ಟೊಪ್ಪಿಗೆ ತೆಗೆದು ಅದನ್ನು ನೋಡಿದರು, ದೇವರ ಪಟ ನೋಡುವ ಹಾಗೆ.

ಇನ್ಸ್‌ಪೆಕ್ಟರ್ ಹೂವು ಕೊಯ್ದರೆ ಗಂಟು ಸಿಗುತ್ತದೆ. ಇದು ಹೇಗಾಯಿತು ಎಂದು ಕೇಳುತ್ತಾರೆ. ಕೂತಿದ್ದೆ ಸರ್. ಯಾಕೆ ಕೂತಿದ್ದೆ? ಇದಕ್ಕೆ ಜಗತ್ತಿನ ಯಾವ ಭಾಷೆಯಲ್ಲೂ ಮರ್ಯಾದೆಯ ಉತ್ತರ ಇರಲಿಲ್ಲ. ಕೊಯ್ಯದಿದ್ದರೆ ಸಾಹೇಬರು ಕೈ ಕುಲುಕುತ್ತಾರೆ, ರೆಕ್ಕೆ ಸಿದ್ಧವಾಗುತ್ತದೆ, ಎಂಜಿನ್ನು ಬರುತ್ತದೆ, ಒಂದು ಬೆಳಿಗ್ಗೆ ಅವನು ಆ ಹಿಂದಿನ ಸೀಟಿನಲ್ಲಿ ಕುಳಿತಿರುತ್ತಾನೆ, ಸಾಹೇಬರು ಎಡಕ್ಕೆ ತಿರುಗಿಸುತ್ತಾರೆ. ಹಾಗಾದರೆ ಇವತ್ತೇ ಬಾಯಿಬಿಟ್ಟು ಹೇಳಿಬಿಡುವುದು. ಹೇಳುವವನ ಮುಖ ಮಾಡಿಕೊಂಡು ಅವನು ಕನ್ನಡಿ ನೋಡಿದ. ಕನ್ನಡಿಯಲ್ಲಿದ್ದವನು ಹೇಳುವವನ ಹಾಗೆ ಕಾಣಲಿಲ್ಲ.

"ಏನ ಕನ್ನಡಿ ನೋಡಾಕ ಹತ್ತೀಯೊ, ಮದುವಿ ಗಂಡಿನಂಗ?" ರುದ್ರವ್ವ ಗ್ಯಾಲರಿಯಿಂದ ಒಳಗೆ ಬಂದಳು. "ಆ ಬಿಳಿ ಮಂದಿ ಯಾವಾಗ ಬರತಾರ?"

"ಬಿಳಿ ಮಂದಿ ಅಲ್ಲತ್ತಿ. ಬಾಂದ್ರಾದವರು."

"ಯಾರಽ ಆಗಲಿ, ಕಣ್ಣ ಕಣ್ಣಽ. ಅವರ ಕಣ್ಣ ಬೀಳೂದರಾಗ ಉಳದಿದ್ದ ಎರಡ ಸಲದ್ದು ಕೊಟ್ಟು ಮುಗಸಬೇಕಿಲ್ಲ?"

"ಏನು?"

"ನೀನಽ ಅಂದ್ಯಲ್ಲ, ಇನ್ನೆರಡ ಸಲ ಕೊಡದನಽ ಮ್ಯಾಲೆ ಒಯ್ಯಂಗಿಲ್ಲ ಅಂತ. ಕೆಂಡ ಚಲೋ ಆಗ್ಯಾವ. ನಾ ಕೊಡತೀನಿ, ನೀ ಜಳಕಾ ಮಾಡ್ಹೋಗು."

"ಹೂಂ" ಎಂದ ಈರಣ್ಣ. ಅವನ ತಲೆ ಕನ್ನಡಿಯೊಳಗಿತ್ತು. ಟವೆಲು ಹೆಗಲಿಗೆ ಹಾಕಿಕೊಂಡು, ಬಕೆಟ್ಟು ತಂಬಿಗೆ ಹಿಡಿದು ಹೊರಟ.

ಬಾಲ ಬಂದ ಮೇಲೆ ಖೋಲಿಯೊಳಗಿನ ಜಳಕದ ಮೋರಿಗೆ ದಾರಿ ಇರಲಿಲ್ಲ. ಗ್ಯಾಲರಿಯ ತುದಿಯ ನಲ್ಲಿಯ ಕೋಣೆಯಲ್ಲೇ ಜಳಕ. ಸದಾನಂದ ತನ್ನ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. "ಇವತ್ತು ಬಾಲದ ಪರೀಕ್ಷೆಯೋ ನಿಮ್ಮದೋ?" ಎಂದ. "ಇಬ್ಬರದೂ" ಎಂದು ಈರಣ್ಣ ಮುಂದೆ ಹೋದ. ಸದಾನಂದನ ಹೆಂಡತಿ ಪ್ರಫುಲ್ಲಾ ಕೊಡ ತುಂಬಿಸಿಕೊಂಡು ಅವನಿಗೆ ಜಾಗ ಬಿಟ್ಟು ಹೊರಗೆ ನಿಂತಳು, ಇನ್ನೊಂದು ಕೊಡ ಬಾಕಿ ಇತ್ತು. ಅವನು ತಗಡಿನ ಬಾಗಿಲು ಹಾಕಿಕೊಂಡ. ತಂಬಿಗೆ ಎತ್ತಿ ಸುರಿದುಕೊಂಡ. ತಣ್ಣೀರು ಬಿದ್ದಾಗ ತಲೆ ಒಂದಿಷ್ಟು ಹೊತ್ತು ಖಾಲಿಯಾಗುತ್ತದೆ, ಅದಕ್ಕಾಗಿಯೇ ಅವನಿಗೆ ಜಳಕ ಇಷ್ಟ. ತಲೆಗೆ, ಮುಖಕ್ಕೆ, ಎದೆಗೆ ಸಾಬೂನು ಹಚ್ಚಿದ. ಖಾಲಿಯಾದ ತಲೆಯಲ್ಲಿ ಒಂದು ಪ್ರಶ್ನೆ, ಯಾರದೋ ಮನೆಯ ಕೋಳಿ ನಡೆದು ಬಂದ ಹಾಗೆ, ನಿಧಾನವಾಗಿ ನಡೆದು ಬಂತು. ಡೋಪು ಬಳಿಯಲು ಕೆಂಡ ಯಾಕೆ?

ಬೇಡ. ಡೋಪು ಬಳಿಯಲು ಬ್ರಷ್ಷು ಬೇಕು. ಕೆಂಡ ಬೇಕಾದದ್ದು ಧೂಪಕ್ಕೆ. ಊರಲ್ಲಿ ಹೊಸ ಚಕ್ಕಡಿಗೆ ಎತ್ತು ಹೂಡುವ ಮೊದಲು ಧೂಪ ಕೊಡುತ್ತಾರೆ. ಅತ್ತೆ ಆವತ್ತು ಬೆಳ್ಳುಳ್ಳಿ ಬಿಟ್ಟು ತಲೆ ಎತ್ತಿ ನೋಡಿದ್ದು ಅದಕ್ಕೆ. ಅಳಿಯನಿಗೆ ಕೊನೆಗೂ ಕುಲದ ಬುದ್ಧಿ ಬಂತು, ನಾಲ್ಕು ಸಲ ಧೂಪ ಕೊಡುತ್ತಾನಂತೆ, ಮುಂಬಯಿಯಲ್ಲಿದ್ದು ನಾಲಿಗೆ ಕೆಟ್ಟು ಡೋಪ ಅನ್ನುತ್ತಾನೆ ಅಷ್ಟೆ. ಈರಣ್ಣನಿಗೆ ನಗು ಬಂತು. ನಕ್ಕಾಗ ಸಾಬೂನಿನ ನೊರೆ ಬಾಯಿಗೆ ಹೋಯಿತು. ಉಗುಳಿದ. ಉಗುಳುತ್ತಿದ್ದಾಗಲೇ ಉಳಿದದ್ದೂ ಹೊಳೆಯಿತು. ಹಸಿ ಇದ್ದರೂ ಹತ್ತುತ್ತದೆ, ಒಣಗಿದರೂ ಹತ್ತುತ್ತದೆ.

ಓಡಬೇಕಿತ್ತು. ಕೈ ಚಿಲಕದ ತನಕ ಹೋಗಿತ್ತು ಕೂಡ. ಹೊರಗೆ ಪ್ರಫುಲ್ಲಾ ಇದ್ದಾಳೆ, ಮೈಮೇಲೆ ಒದ್ದೆ ಪಂಚೆ ಬಿಟ್ಟರೆ ಏನಿಲ್ಲ, ಅದೂ ಹಳೆಯದು, ತೆಳ್ಳಗಿನದು. ಕಣ್ಣಿನಲ್ಲಿ ಸಾಬೂನು. ಕಣ್ಣು ತೊಳೆದುಕೊಂಡಾದರೂ ಹೋಗೋಣ. ಒಂದು ತಂಬಿಗೆ ಸುರಿದುಕೊಂಡ. ಕಣ್ಣಿನ ಸಾಬೂನು ಹೋಯಿತು. ಇನ್ನು ಅಡ್ಡಿ ಇರಲಿಲ್ಲ. ಹೂವು ಕಣ್ಣ ಮುಂದೆ ಬಂತು, ಅದರ ಮೇಲೆ ಇನ್ಸ್‌ಪೆಕ್ಟರನ ಚಾಕು ಬಂತು, ಆಮೇಲೆ ಚಾಕು ಇಲ್ಲ, ಹೂವೂ ಇಲ್ಲ, ಬರೀ ಖಾಲಿ ಟ್ರಂಕು. ಆ ಎರಡು ಟ್ರಂಕುಗಳು ಅವನಿಗೆ ಎಷ್ಟು ಚೆಂದ ಕಂಡವೆಂದರೆ, ಅವನು ಬಗ್ಗಿ ಬಕೆಟ್ಟಿನಿಂದ ಇನ್ನೊಂದು ತಂಬಿಗೆ ತುಂಬಿದ. ಬೆನ್ನು ಉಳಿದಿದೆ ಎಂದುಕೊಂಡ. ಬೆನ್ನಿಗೆ ಸಾಬೂನು ಹಚ್ಚಿರಲಿಲ್ಲ. ನಿಧಾನವಾಗಿ, ದೇವರ ಮೂರ್ತಿಗೆ ಎರೆಯುವ ಹಾಗೆ, ಬೆನ್ನಿನ ಮೇಲೆ ಆ ತಂಬಿಗೆಯನ್ನು ಸುರಿದುಕೊಂಡ.

ಸದ್ದು ದೊಡ್ಡದಾಗಿರಲಿಲ್ಲ. ದೊಡ್ಡ ಜಮಖಾನೆಯನ್ನು ಒಂದೇ ಸಲ ಕೊಡವಿದ ಹಾಗೆ, ಭಪ್ ಎಂದಿತು. ಆಮೇಲೆ ರುದ್ರವ್ವ ಕೂಗಿದಳು.

ಆಗ ಅವನಿಗೆ ನೆನಪಾಯಿತು, ಒಳಗೆ ಅತ್ತೆ ಇದ್ದಳು. ಇಷ್ಟು ಹೊತ್ತು ಅವನ ಕಣ್ಣ ಮುಂದೆ ಹೂವು ಇತ್ತು, ಚಾಕು ಇತ್ತು, ಟ್ರಂಕುಗಳಿದ್ದವು. ಧೂಪ ಕೊಡುತ್ತಿದ್ದ ಕೈ ಇರಲಿಲ್ಲ. ಟವೆಲನ್ನು ಹೆಗಲಿಗೆ ಎಳೆದುಕೊಂಡು, ಚಿಲಕ ತೆಗೆದು ಓಡಿದ. ಪಂಚೆ ಅರ್ಧ ದಾರಿಯಲ್ಲಿ ಸಡಿಲವಾಯಿತು, ಪ್ರಫುಲ್ಲಾ ಗೋಡೆಯ ಕಡೆ ತಿರುಗಿ ನಿಂತಳು, ಅವನು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಓಡಿದ. ಸದಾನಂದ ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಪ್ರಫುಲ್ಲಾಳ ಕೊಡವನ್ನು ಎತ್ತಿ ತಂದು ಒಳಗೆ ಸುರಿಯುತ್ತಿದ್ದ. ಬಟ್ಟೆ ಆಗಲೇ ಇರಲಿಲ್ಲ. ಅದು ಹತ್ತಿ ಉರಿದು ಮುಗಿಯಲು, ಒಬ್ಬ ಮನುಷ್ಯ ಬೆನ್ನಿಗೆ ಒಂದು ತಂಬಿಗೆ ಸುರಿದುಕೊಳ್ಳುವಷ್ಟು ಹೊತ್ತು ಕೂಡ ಬೇಕಾಗಿರಲಿಲ್ಲ. ಪಕ್ಕೆಲುಬುಗಳು ಕರ್ರಗೆ ಹೊಗೆಯಾಡುತ್ತ ನಿಂತಿದ್ದವು, ಮೊದಲು ಮೂರನೆಯದು ಬಿತ್ತು. ಮೇಲೆ ಸುತ್ತಿ ಕಟ್ಟಿದ್ದ ಸೊಳ್ಳೆಪರದೆ ಬೂದಿಯಾಗಿ ಇಳಿಯುತ್ತಿತ್ತು.

ರುದ್ರವ್ವ ಬಾಗಿಲ ಹೊರಗೆ ಕಾಲು ಚಾಚಿ ಕುಳಿತಿದ್ದಳು. ಕೈಯಲ್ಲಿ ಧೂಪಾರತಿ ಹಾಗೇ ಇತ್ತು, ಅದರಲ್ಲಿ ಲೋಬಾನ ಇನ್ನೂ ಹೊಗೆಯಾಡುತ್ತಿತ್ತು.

"ಅತ್ತೀ, ಸುಟ್ಟತೇನು? ಎಲ್ಲಿ ಸುಟ್ಟತಿ, ತೋರಸು." ಅವಳ ಕೈ ಹಿಡಿದು, ಮುಖ ಹಿಡಿದು, ಹಾಲು ಕೊಡುವ ಆಕಳನ್ನು ಸಂತೆಯಲ್ಲಿ ನೋಡುವವನ ಹಾಗೆ ಎಲ್ಲ ಕಡೆ ನೋಡಿದ. ಅವಳು ಅವನ ಕೈ ಕೊಡವಿದಳು.

"ಸುಟ್ಟಿಲ್ಲ ಬಿಡು. ಕೂದಲಾ ಸುಟ್ಟ ನಾತ ಬರಾಕತ್ತೈತಿ, ಅಷ್ಟಽ. ಮೊದಲ ಪಂಚೆ ಸರಿ ಉಟಗೊ."

ಎಡಗಡೆಯ ಹುಬ್ಬು ಇರಲಿಲ್ಲ. ಆ ಬದಿಯಿಂದ ಅವಳು ಯಾವುದೋ ವಿಷಯಕ್ಕೆ ಆಶ್ಚರ್ಯಪಟ್ಟ ಹಾಗೆ, ಬಲಗಡೆಯಿಂದ ಮೊದಲಿನ ರುದ್ರವ್ವನ ಹಾಗೆ ಕಾಣುತ್ತಿದ್ದಳು. ಈರಣ್ಣನಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ಮುಖ ಒರೆಸಿಕೊಳ್ಳುವ ನೆವದಲ್ಲಿ ಟವೆಲಿನಲ್ಲಿ ಮುಚ್ಚಿದ. ಟವೆಲಿನೊಳಗೆ ಒಂದೇ ಮಾತು ತಿರುಗುತ್ತಿತ್ತು. ಬೆನ್ನಿಗೆ ಸಾಬೂನು ಹಚ್ಚಿರಲಿಲ್ಲ.

"ಡೋಪು ಇದ್ದದ್ದಕ್ಕೆ ಧೂಪ ಹಾಕಿದ್ರಾ ಅಮ್ಮ?" ಸದಾನಂದ ಖಾಲಿ ಕೊಡ ಕೆಳಗಿಟ್ಟು ಕೇಳಿದ.

"ಹೌದಪಾ, ನಾಕ ಸಲ ಕೊಡಬೇಕಂದಾ. ಎರಡ ಅಂವಾ ಕೊಟ್ಟಿದ್ದಾ. ಮೂರನೇದ್ದು ನಾ ಕೊಡಾಕತ್ತಿದ್ದೆ."

"ನಾಲ್ಕನೆಯದು ಬೇಕಾಗಲಿಲ್ಲ ಅಲ್ಲವಾ" ಎಂದು ಸದಾನಂದ ಬಾಯಿ ತೊಳೆಯಲು ಹೋದ.

ಮಲ್ಲವ್ವ ಬಿಸ್ಕೀಟು ತಂದಳು. ಬಾಗಿಲಲ್ಲಿ ನಿಂತು ಒಳಗೆ ನೋಡಿ, ತಾಯಿಯ ಮುಖ ನೋಡಿ, "ನನ್ನ ಹೊಲಿಗಿ" ಎಂದಳು, ಅಷ್ಟೆ. ಆಮೇಲೆ ನೀರು ಬಳಿಯಲು ಸೀರೆ ಎತ್ತಿ ಕಟ್ಟಿದಳು. ಅವಳು ನೀರು ಬಳಿದು ಮುಗಿಸುವಷ್ಟರಲ್ಲಿ ಜಿನೆಯ ಮೇಲೆ ಬೂಟಿನ ಸದ್ದು ಬಂತು.

ಕುಟಿನ್ಹೊ ಸಾಹೇಬರು ಚರ್ಚಿನಿಂದ ನೇರವಾಗಿ ಬಂದಿದ್ದರು, ಕೋಟು ಹಾಕಿದ್ದರು. ಇನ್ಸ್‌ಪೆಕ್ಟರ್ ಎಂದರೆ ಈರಣ್ಣ ದಪ್ಪ ಮೀಸೆಯವನನ್ನು ಕಲ್ಪಿಸಿಕೊಂಡಿದ್ದ. ಬಂದವನು ನೆಗಡಿಯಾಗಿದ್ದ ಒಬ್ಬ ತೆಳ್ಳಗಿನ ಮನುಷ್ಯ, ಚಾಕುವಿನ ಬದಲು ಕರವಸ್ತ್ರ ಹಿಡಿದಿದ್ದ. ಇಬ್ಬರೂ ಬಾಗಿಲಲ್ಲಿ ನಿಂತು ಕರಿ ಎಲುಬುಗಳನ್ನು ನೋಡಿದರು. ಸಾಹೇಬರು ಟೊಪ್ಪಿಗೆ ತೆಗೆದರು, ಹೆಣದ ಮುಂದೆ ತೆಗೆಯುವ ಹಾಗೆ.

"ಹೇಗೆ ಹತ್ತಿತು?"

"ಡೋಪು, ಸರ್" ಎಂದ ಈರಣ್ಣ. ಅದು ಸುಳ್ಳಾಗಿರಲಿಲ್ಲ.

ಸಾಹೇಬರು ಅವನ ಒದ್ದೆ ಹೆಗಲ ಮೇಲೆ ಕೈಯಿಟ್ಟರು. "ತಪ್ಪು ನನ್ನದು. ಇಂಥ ಜಾಗದಲ್ಲಿ ಆ ಡಬ್ಬಿ ಕೊಡಬಾರದಿತ್ತು. ನೀನು ಒಳಗೆ ಇರಲಿಲ್ಲವಲ್ಲ, ಅದೇ ದೊಡ್ಡದು." ಕೈ ಹೆಗಲ ಮೇಲೆಯೇ ಇತ್ತು, ಭಾರವಾಗಿತ್ತು. ಈಗ ಹೇಳಬಹುದಿತ್ತು. ಬಾಲವೇ ಇಲ್ಲದ ಮೇಲೆ ಬಿರುಕನ್ನು ಹೇಳುವುದಕ್ಕೆ ಏನೂ ಖರ್ಚಿಲ್ಲ. ಈರಣ್ಣ ಬಾಯಿ ತೆರೆದ. "ಚಹಾ ತಗೋರಿ ಸರ್" ಎಂದ. ಇನ್ಸ್‌ಪೆಕ್ಟರ್ ಖಾರಿ ಬಿಸ್ಕೀಟನ್ನು ಚಹದಲ್ಲಿ ಅದ್ದಿ, ಅದು ಮುರಿದು ಕಪ್ಪಿನೊಳಗೆ ಬಿದ್ದದ್ದನ್ನು ದುಃಖದಿಂದ ನೋಡುತ್ತ, ತನಗೆ ವಾಸನೆಯೇ ಬರುತ್ತಿಲ್ಲ ಎಂದ.

"ಇನ್ನೊಂದು ಬಾಲ ಮಾಡೋಣ" ಎಂದರು ಸಾಹೇಬರು ಹೊರಡುವಾಗ. "ಕಟ್ಟಿಗೆ ತರಿಸುತ್ತೇನೆ. ಸೀಟು ನಿನ್ನದೇ, ಬ್ಯಾಡಿಗರ್. ಯಾರಿಗೂ ಕೊಡುವುದಿಲ್ಲ."

"ಯಸ್ ಸರ್" ಎಂದ ಈರಣ್ಣ. ಬೂಟಿನ ಸದ್ದು ಜಿನೆ ಇಳಿದು ಹೋಗುವ ತನಕ ನಿಂತ. ಎರಡು ಟ್ರಂಕುಗಳು ಖಾಲಿ ಇದ್ದವು. ಅವು ಚೆಂದ ಕಾಣಲಿಲ್ಲ.

ರುದ್ರವ್ವ ಕನ್ನಡಿ ತರಿಸಿಕೊಂಡು ಇಲ್ಲದ ಹುಬ್ಬಿನ ಮೇಲೆ ಬೆರಳಾಡಿಸುತ್ತಿದ್ದಳು. ಅವನು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ.

"ಅತ್ತಿ, ಮುಖಾ ಅಷ್ಟ ಹತ್ತರ ಯಾಕ ಒಯ್ದಿದ್ದಿ?"

ಅವಳು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಹೂವ ಬರದಿದ್ದೆಲ್ಲೊ" ಎಂದಳು. "ನಾನೂ ಬಡಿಗೇರ ಮಗಳಽ. ಅಲ್ಲಿ ಸೀಳೈತಿ ಅಂತ ಗೊತ್ತಾತು. ನೀ ಅದರ ಮ್ಯಾಲ ಹಾರಾಂವ. ಅದಕ್ಕ ಅಲ್ಲೊಂದೀಟ ಹೆಚ್ಚ ಕೊಟ್ಟೆ, ಬಗ್ಗಿ."

ಈರಣ್ಣ ಟವೆಲು ಹುಡುಕಿದ. ಅದನ್ನು ಮಲ್ಲವ್ವ ನೀರು ಬಳಿಯಲು ತೆಗೆದುಕೊಂಡಿದ್ದಳು.

ಹೋದದ್ದು ಇಷ್ಟು: ಬಾಲ ಒಂದು, ಸೊಳ್ಳೆಪರದೆ ಒಂದು, ಗೋಡೆಯ ಕ್ಯಾಲೆಂಡರು ಒಂದು, ಗ್ಯಾಲರಿಯಲ್ಲಿ ಒಣಹಾಕಿದ್ದ ಸದಾನಂದನ ಬನಿಯನ್ನು ಎರಡು, ರುದ್ರವ್ವನ ಹುಬ್ಬು ಒಂದು, ಎಡಗಡೆಯದು.